ಬಂಗುಡೆಯ ಮೇಲೊಂದು ಗಡ್‌ಬಡ್

ಕೋಲಾರ ಜಿಲ್ಲೆಯ ಗಂಡಿಗೆ ಕುಂದಾಪುರದ ಹೆಣ್ಣು ತರುವಾಗ ಜಾತಕದ ಜೊತೆಗೆ, ಹುಡುಗನಿಗೆ ಮೀನಿನ ಮುಳ್ಳು ಬಿಡಿಸಲು ಬರುತ್ತದೆಯೇ ಎಂದೂ ಹಿರಿಯರು ವಿಚಾರಿಸಬೇಕು. ನಮ್ಮ ಮದುವೆಯಲ್ಲಿ ಯಾರೂ ವಿಚಾರಿಸಲಿಲ್ಲ. ಗಣ ಕೂಡಿತು, ಛತ್ರ ಸಿಕ್ಕಿತು, ಓಲಗದವರು ಹೊತ್ತಿಗೆ ಸರಿಯಾಗಿ ಬಂದರು. ಮುಳ್ಳಿನ ಮಾತು ಹಾಗೇ ಉಳಿದುಬಿಟ್ಟಿತು. ಈಗ ಅದು ಭಾನುವಾರಗಳಂದು ನನ್ನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅನ್ನದ ಉಂಡೆ ನುಂಗಿಸಿ ಇಳಿಸುತ್ತಾರೆ.

ನಮ್ಮ ಕಡೆಯವರಿಗೆ ಮೀನು ಅಂದರೆ ಕೆರೆ ಮೀನು. ಕಾಟ್ಲಾ, ರೋಹು, ಜಿಲೇಬಿ, ಅದೃಷ್ಟ ಖುಲಾಯಿಸಿದರೆ ಕೊರಮೀನು. ವರ್ಷವಿಡೀ ಹರಿಯುವ ಒಂದು ನದಿಯೂ ನಮ್ಮ ಜಿಲ್ಲೆಗಿಲ್ಲ. ಕೆರೆ ತುಂಬಿದ ವರ್ಷ ಹುಣಸೆಹುಳಿ ಬಿಟ್ಟ ಮೀನು ಸಾರು, ತುಂಬದ ವರ್ಷ ಅದೇ ಕೆರೆಯಂಗಳದಲ್ಲಿ ಕ್ರಿಕೆಟ್ಟು. 2018ರಿಂದ ಬೆಂಗಳೂರು ಮಿಂದು ಬಿಟ್ಟ ನೀರನ್ನು ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಸಂಸ್ಕರಿಸಿ ನಮ್ಮ ಕೆರೆಗಳಿಗೆ ಹರಿಸುತ್ತಿದ್ದಾರೆ. ಹೀಗಾಗಿ ಕ್ರಿಕೆಟ್ಟು ನಿಂತಿದೆ. ನಾನು ಕೆ.ಆರ್.ಪುರದ ನಮ್ಮ ಫ್ಲ್ಯಾಟಿನಲ್ಲಿ ಸ್ನಾನ ಮಾಡಿದ ನೀರು ತಿರುಗಿ ತವರಿನ ಮೀನಿಗೆ ಮುಟ್ಟುತ್ತದೆ ಎಂಬ ಒಂದು ಸಂಬಂಧ ಊರಿನೊಂದಿಗೆ ನನಗಿನ್ನೂ ಉಳಿದಿದೆ.

ನನ್ನವಳ ಕಡೆಯವರಿಗೆ ಕೆರೆ ಮೀನು ಮೀನಲ್ಲ. ಅದು ನೀರಿನಲ್ಲಿರುವ ತರಕಾರಿ. ಅಂಜಲ್, ಕಾಣೆ, ಮಾಂಜಿ, ಬಂಗುಡೆ, ಸಿಗಡಿ, ಏಡಿ, ಮರುವಾಯಿ ಇವೆಲ್ಲ ಅವರ ಮನೆಯಲ್ಲಿ ದಾಯಾದಿಗಳ ಹೆಸರಿನಷ್ಟೇ ಸಲೀಸಾಗಿ ಬಾಯಿಗೆ ಬರುತ್ತವೆ, ದಾಯಾದಿಗಳಿಗಿಂತ ಹೆಚ್ಚು ಪ್ರೀತಿಯಿಂದ ಬರುತ್ತವೆ. ಮದುವೆಯಾದ ಹೊಸದರಲ್ಲಿ ಮಾವನವರ ಮನೆಯಲ್ಲಿ ಒಂದು ಬಂಗುಡೆಯನ್ನು ನಾನು ಬಿಡಿಸಿದ ರೀತಿಯನ್ನು ನೋಡಿ, ನನ್ನ ಎಂಜಿನಿಯರಿಂಗ್ ಪದವಿಯ ಬಗ್ಗೆ ಅಲ್ಲಿದ್ದ ಹಿರಿಯರೊಬ್ಬರಿಗೆ ಅನುಮಾನ ಬಂದಿತಂತೆ.

ಈ ಎರಡು ಮನೆತನಗಳು ಒಟ್ಟಿಗೆ ಕೂತು ಮೀನು ತಿನ್ನುವುದಕ್ಕೆ ಮೊದಲ ಅಡ್ಡಿ ಕ್ಯಾಲೆಂಡರು. ಸೋಮವಾರ ಈಶ್ವರನದು, ಹಲಸೂರಿನ ಸೋಮೇಶ್ವರನಿಗೆ ಅಮ್ಮ ಹರಕೆ ಹೊತ್ತ ಮೇಲೆ ಅದು ಇನ್ನಷ್ಟು ಬಿಗಿಯಾಗಿದೆ. ಗುರುವಾರ ರಾಯರದು. ಶುಕ್ರವಾರ ಲಕ್ಷ್ಮಿಯದೂ ಕೊಲ್ಲೂರು ಮೂಕಾಂಬಿಕೆಯದೂ ಆದ್ದರಿಂದ ಎರಡೂ ಕಡೆಯಿಂದ ಬಂದ್. ಶನಿವಾರ ವೆಂಕಟರಮಣ. ಮಂಗಳವಾರ ನನ್ನವಳದ್ದೊಂದು ಸುಬ್ರಹ್ಮಣ್ಯನ ನೇಮ. ಉಳಿದದ್ದು ಬುಧವಾರ, ಭಾನುವಾರ. ಬುಧವಾರ ನನಗೆ ಆಫೀಸು. ಭಾನುವಾರಕ್ಕೆ ಅಮಾವಾಸ್ಯೆಯೋ ಹುಣ್ಣಿಮೆಯೋ ಏಕಾದಶಿಯೋ ಸಂಕಷ್ಟಿಯೋ ಬಂದು ವಕ್ಕರಿಸದಿದ್ದರೆ, ಶ್ರಾವಣವೋ ಪಿತೃಪಕ್ಷವೋ ನವರಾತ್ರಿಯೋ ಅಲ್ಲದಿದ್ದರೆ, ಪಕ್ಕದ ಫ್ಲ್ಯಾಟಿನವರು ಅಯ್ಯಪ್ಪ ಮಾಲೆ ಹಾಕಿಕೊಂಡು ನಮ್ಮ ಕಿಟಕಿಯ ಕಡೆ ನೋಡುತ್ತಿರದಿದ್ದರೆ, ಆಗ ಮೀನು. ಇಷ್ಟೆಲ್ಲ ದೇವರುಗಳ ಅಪ್ಪಣೆ ಒಂದೇ ದಿನ ಸಿಕ್ಕುವುದು ವಿಧಾನಸೌಧದಲ್ಲಿ ಫೈಲು ಮುಂದೆ ಹೋಗುವುದಕ್ಕಿಂತ ಕಷ್ಟ.

ಹಾಗೆ ಅಪ್ಪಣೆ ಸಿಕ್ಕ ದಿನ ಮೀನು ತರುವ ಕೆಲಸ ನನ್ನದು. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಹೋಗಬೇಕು. ಮುನಿಸಿಪಲ್ ಕಮಿಷನರ್ ಟಿ.ಬಿ. ರಸೆಲ್ ಹೆಸರಿನಲ್ಲಿ 1927ರಲ್ಲಿ ಕಟ್ಟಿ, 1933ರಲ್ಲಿ ಇಸ್ಮಾಯಿಲ್ ಸೇಠರ ಕೈಯಲ್ಲಿ ಬಾಗಿಲು ತೆರೆಸಿದ ಆ ಕೆಂಪು ಕಟ್ಟಡ 2012ರ ಬೆಂಕಿಯನ್ನೂ ಉಂಡು ಇನ್ನೂ ನಿಂತಿದೆ. ದಂಡು ಪ್ರದೇಶದ ಸಾಹೇಬರಿಗೆ ತರಕಾರಿ, ಮಾಂಸ, ಹೂವು ಒಂದೇ ಸೂರಿನಡಿ ಸಿಗಲಿ ಎಂದು ಕಟ್ಟಿದ್ದು. ಸಾಹೇಬರು ಹೋದರು, ಕೈಚೀಲ ಹಿಡಿದು ನಾನು ಬಂದೆ. ಮೀನಿನ ಸಾಲಿನಲ್ಲಿ ತಮಿಳು, ದಖನಿ, ಮಲಯಾಳ, ಕನ್ನಡ ಒಂದರ ಮೇಲೊಂದು ಬೀಳುತ್ತಿರುತ್ತವೆ. ದರ ಮಾತ್ರ ನಾಲ್ಕೂ ಭಾಷೆಯಲ್ಲಿ ಒಂದೇ.

ನನ್ನವಳು ಹೊರಡುವಾಗ ಪಾಠ ಹೇಳಿ ಕಳಿಸುತ್ತಾಳೆ. ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಗುಳಿ ಬಿದ್ದು ಮಬ್ಬಾಗಿದ್ದರೆ ಬೇಡ. ಬೆರಳಲ್ಲಿ ಒತ್ತಿದರೆ ಮಾಂಸ ಪುಟಿದು ಮೇಲೆ ಬರಬೇಕು. ನಾನು ಕನ್ನಡಕ ಸರಿಮಾಡಿಕೊಂಡು, ಬಗ್ಗಿ, ಒಂದು ಅಂಜಲಿನ ಕಣ್ಣಲ್ಲಿ ಕಣ್ಣಿಟ್ಟು ತುಂಬ ಹೊತ್ತು ನಿಂತೆ. ಅಂಗಡಿಯವನು ಕತ್ತಿ ಮಸೆಯುವುದನ್ನು ನಿಲ್ಲಿಸಿ, “ಸಾರ್, ನೀವು ನೋಡಿದ್ದು ಸಾಕು, ಈಗ ಅದು ನಿಮ್ಮನ್ನ ನೋಡ್ತಾ ಇದೆ” ಎಂದ. ಸುತ್ತಲಿದ್ದವರಿಗೆಲ್ಲ ಕನ್ನಡ ಅರ್ಥವಾಗುತ್ತಿತ್ತೆಂದು ಆಗ ತಿಳಿಯಿತು. ಅವಮಾನ ಮುಚ್ಚಿಕೊಳ್ಳಲು ಅವನು ಹೇಳಿದ ದರಕ್ಕೇ ಇಡೀ ಮೀನನ್ನು ಕೊಂಡೆ. ಮೀನು ಚೆನ್ನಾಗಿಯೇ ಇತ್ತು. ಮನೆಯಲ್ಲಿ ದರ ಕೇಳಿದವಳೇ ನನ್ನವಳು, “ನೀವು ಮೀನಿನ ಕಣ್ಣು ನೋಡಿದ್ರಿ, ಅವನು ನಿಮ್ಮ ಮುಖ ನೋಡಿದ” ಎಂದು ಒಂದೇ ಮಾತಿನಲ್ಲಿ ಲೆಕ್ಕ ಚುಕ್ತಾ ಮಾಡಿದಳು.

ಮೀನನ್ನು ಮನೆಯಲ್ಲಿ ಮಾಡುವುದಕ್ಕಿಂತ ಹೋಟೆಲಿನಲ್ಲಿ ತಿನ್ನುವುದೇ ಲಾಭ ಎಂಬ ತೀರ್ಮಾನಕ್ಕೆ ನಮ್ಮ ಸಂಸಾರ ಬಂದದ್ದು ಹೀಗೆ. ಅಮ್ಮ ಊರಿನಿಂದ ಬಂದಿದ್ದಳು, ಅತ್ತೆ ಕುಂದಾಪುರದಿಂದ ಬಂದಿದ್ದರು, ಭಾನುವಾರಕ್ಕೆ ಯಾವ ದೇವರ ತಕರಾರೂ ಇರಲಿಲ್ಲ. ಇಂದಿರಾನಗರದಲ್ಲಿ ಕರಾವಳಿ ಊಟದ ಹೋಟೆಲೊಂದಿದೆ, ಹೆಸರು ಬೇಡ, ಅಲ್ಲಿಗೆ ಹೋಗೋಣವೆಂದು ಮಗಳು ಸೂಚಿಸಿದಳು. ಅವಳ ಸೂಚನೆಗಳನ್ನು ನಮ್ಮ ಮನೆಯಲ್ಲಿ ಅನುಮೋದಿಸುವವರು ಇರುತ್ತಾರೆ, ನನ್ನವು ಚರ್ಚೆಗೇ ಬರುವುದಿಲ್ಲ.

ಕೆ.ಆರ್.ಪುರದಿಂದ ಇಂದಿರಾನಗರಕ್ಕೆ ಮೊದಲೆಲ್ಲ ತೂಗುಸೇತುವೆ, ಟಿನ್ ಫ್ಯಾಕ್ಟರಿ ದಾಟುವುದರೊಳಗೆ ಹೊಟ್ಟೆಯಲ್ಲಿದ್ದ ತಿಂಡಿ ಕರಗಿ ಮಧ್ಯಾಹ್ನದ ಹಸಿವೂ ಸತ್ತುಹೋಗುತ್ತಿತ್ತು. 2023ರ ಮಾರ್ಚಿನಲ್ಲಿ ವೈಟ್‌ಫೀಲ್ಡಿನಿಂದ ಮೆಟ್ರೋ ನಮ್ಮ ಕೆ.ಆರ್.ಪುರದ ತನಕ ಬಂದು, ಬೈಯಪ್ಪನಹಳ್ಳಿ ಕಣ್ಣಳತೆಯಲ್ಲಿದ್ದರೂ ಮುಂದೆ ಹೋಗಲೊಲ್ಲದೆ ಅಕ್ಟೋಬರಿನ ತನಕ ನಿಂತಿತ್ತು. ಈಗ ಬೆನ್ನಿಗಾನಹಳ್ಳಿ, ಬೈಯಪ್ಪನಹಳ್ಳಿ, ಸ್ವಾಮಿ ವಿವೇಕಾನಂದ ರಸ್ತೆ, ಆಮೇಲೆ ಇಂದಿರಾನಗರ. ಹಸಿವು ಸಾಯದೆ ತಲಪುತ್ತದೆ.

ಹೋಟೆಲಿನ ಗೋಡೆಗೆ ಬಲೆ, ಹುಟ್ಟು, ಒಡೆದ ದೋಣಿಯ ಹಲಗೆ ತೂಗುಹಾಕಿದ್ದರು. “ಒಡ್ದ್ ಹೋದ್ ದೋಣಿ ಗ್ವಾಡಿಗೆ ಎಂತಕ್ಕೆ?” ಎಂದು ಅತ್ತೆ ಕೇಳಿದರು. ಅಲಂಕಾರ ಎಂದೆ. ಮೀನುಗಾರನ ನಷ್ಟ ನೋಡಿಕೊಂಡು ಊಟ ಮಾಡುವ ಅಲಂಕಾರ ಅವರಿಗೆ ಹಿಡಿಸಿದಂತೆ ಕಾಣಲಿಲ್ಲ.

ಮೆನುವಿನಲ್ಲಿ ಬಂಗುಡೆಗೆ ಬೆಲೆ ಇತ್ತು, ಕೋಳಿಗೆ ಬೆಲೆ ಇತ್ತು, ನೀರುದೋಸೆಗೂ ಇತ್ತು. ಅಂಜಲ್, ಮಾಂಜಿ, ಏಡಿಗಳ ಎದುರು ಮಾತ್ರ ಬೆಲೆ ಇರಬೇಕಾದ ಕಡೆ ‘ಎಪಿಎಸ್’ ಎಂಬ ಮೂರಕ್ಷರ. ಗಾತ್ರಕ್ಕೆ ತಕ್ಕ ದರ ಎಂದು ಅದರ ತಾತ್ಪರ್ಯ. ಗಾತ್ರ ಯಾರದ್ದು, ಮೀನಿನದೋ ಗಿರಾಕಿಯದೋ ಎಂಬುದು ಬಿಲ್ಲು ಬಂದ ಮೇಲೆ ತಿಳಿಯುತ್ತದೆ. ಮಾಣಿ ಒಂದು ತಟ್ಟೆಯಲ್ಲಿ ಐಸಿನ ಮೇಲೆ ಹಸಿ ಮೀನುಗಳನ್ನು ಮಲಗಿಸಿಕೊಂಡು ಬಂದು, ಆರಿಸಿಕೊಳ್ಳಿ ಎಂದ. ನಾನು ತಿಳಿದವನ ಗತ್ತಿನಿಂದ ಒಂದರ ಕಿವಿರು ಎತ್ತಲು ಹೋದೆ. ಅದು ಕಿವಿರಲ್ಲ, ರೆಕ್ಕೆಯಾಗಿತ್ತು. ಅತ್ತೆ ನನ್ನ ಕೈಯನ್ನು ಮೆತ್ತಗೆ ಸರಿಸಿ, ಎರಡೇ ಬೆರಳಿನಲ್ಲಿ ಮೂರು ಮೀನನ್ನು ತಳ್ಳಿಹಾಕಿ ಒಂದನ್ನು ಇಟ್ಟುಕೊಂಡರು. ಮಾಣಿ ಅಲ್ಲಿಂದಾಚೆಗೆ ನನ್ನ ಕಡೆ ತಿರುಗಿ ಏನನ್ನೂ ಕೇಳಲಿಲ್ಲ.

ಏಡಿಯನ್ನು ಮಾತ್ರ ನಾನೇ ಹಟ ಹಿಡಿದು ತರಿಸಿದೆ. ಗಂಡಸಿಗೆ ಆತ್ಮಗೌರವ ಎಂಬುದೊಂದಿರುತ್ತದೆ, ಅದು ಹೆಚ್ಚಾಗಿ ಹೋಟೆಲಿನಲ್ಲಿ ಕೆರಳುತ್ತದೆ. ಏಡಿ ಬಂತು, ಅದರ ಹಿಂದೆಯೇ ಒಬ್ಬ ಹುಡುಗ ಬಂದು ಕ್ಷೌರಕ್ಕೆ ಕೂತವನಿಗೆ ಹೊದಿಸುವಂತೆ ನನ್ನ ಕತ್ತಿಗೆ ಬಿಳಿ ಬಟ್ಟೆ ಕಟ್ಟಿ, ಕೈಗೆ ಅಡಕತ್ತರಿಯಂಥ ಒಂದು ಉಪಕರಣ ಕೊಟ್ಟು ಹೋದ. ಏಡಿಯ ಕೊಂಬನ್ನು ಅದರ ನಡುವೆ ಇಟ್ಟು ಒತ್ತಿದೆ. ಒಡೆಯಲಿಲ್ಲ. ಎರಡೂ ಕೈ ಸೇರಿಸಿ, ಹಲ್ಲು ಕಚ್ಚಿ ಒತ್ತಿದೆ. ಕೊಂಬು ಜಾರಿ, ಹಾರಿ, ಪಕ್ಕದ ಟೇಬಲಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದ ಯುವಕನ ಕೀಬೋರ್ಡಿನ ಮೇಲೆ ಇಳಿಯಿತು. ಅವನು ಅದನ್ನು ಟಿಶ್ಯೂ ಕಾಗದದಲ್ಲಿ ಹಿಡಿದು ತಂದು, “ಅಂಕಲ್, ಇದು ನಿಮ್ಮದಾ?” ಎಂದ. ಮಗಳು ಆ ಕ್ಷಣದಿಂದ ನನ್ನ ಪರಿಚಯವಿಲ್ಲದವಳ ಹಾಗೆ ಕಿಟಕಿಯ ಹೊರಗೆ ನೋಡತೊಡಗಿದಳು.

“ಅಳಿಯಂದ್ರೆ, ಏಡಿ ಒಡುಕ್ ಬತ್ತಿಲ್ಯಾ?” ಎಂದು ಅತ್ತೆ ಇನ್ನೊಂದು ಕೊಂಬನ್ನು ತೆಗೆದುಕೊಂಡು, ಹಿಂದಿನ ಹಲ್ಲಿಗೆ ಕೊಟ್ಟು ‘ಕಟ್’ ಎನ್ನಿಸಿ, ಇಡೀ ಮಾಂಸವನ್ನು ಒಂದೇ ತುಂಡಾಗಿ ಎಳೆದು ನನ್ನ ತಟ್ಟೆಗೆ ಹಾಕಿದರು. ಅವರಿಗೆ ಎಪ್ಪತ್ತು ದಾಟಿದೆ. ನನ್ನ ಹಿಂದಿನ ಹಲ್ಲಿಗೆ ರೂಟ್ ಕೆನಾಲ್ ಆಗಿದೆ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ಯೋಚಿಸುವುದನ್ನು ನಾನು ಬಿಟ್ಟಿದ್ದೇನೆ.

ಅಮ್ಮ ಇದೆಲ್ಲದರಿಂದ ದೂರವಾಗಿ ಕೋಳಿ ಸುಕ್ಕ ಮತ್ತು ನೀರುದೋಸೆ ತರಿಸಿಕೊಂಡು ನಿಶ್ಚಿಂತೆಯಿಂದ ಉಣ್ಣುತ್ತಿದ್ದಳು. ಮೀನು ತಗೋಮ್ಮ ಎಂದರೆ, “ನಂಗ್ಯಾಕಪ್ಪ ಆ ಸಮುದ್ರದ್ದೆಲ್ಲ, ನೀವು ತಿನ್ರಿ” ಎಂದಳು. ಎಂಥ ನಿಸ್ಪೃಹ ಜೀವ ಎಂದು ನನ್ನ ಕಣ್ಣು ತುಂಬಿತು. ಕಣ್ಣು ತುಂಬಲು ಸಿಗಡಿ ಗೀ ರೋಸ್ಟೂ ಕಾರಣವಿರಬಹುದು.

ಗೀ ರೋಸ್ಟ್ ಕುಂದಾಪುರದ ಶೆಟ್ಟಿ ಲಂಚ್ ಹೋಮಿನಲ್ಲಿ ಕೋಳಿಯ ರೂಪದಲ್ಲಿ ಪ್ರಸಿದ್ಧವಾದ ತಿನಿಸು. ಬೆಂಗಳೂರಿಗೆ ಬಂದ ಮೇಲೆ ಸಿಗಡಿ, ಏಡಿ, ಅಣಬೆ, ಪನೀರು ಎಲ್ಲಕ್ಕೂ ಅದೇ ಅಭಿಷೇಕ ಆಗುತ್ತಿದೆ. ಬ್ಯಾಡಗಿ ಮೆಣಸಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ನಾನು ಓದಿದ್ದೆ. ಅಡುಗೆಮನೆಯವರು ಬೇರೆ ಪುಸ್ತಕ ಓದಿದ್ದರು. ಎರಡನೆಯ ಸಿಗಡಿಗೆ ಕಿವಿ ಬಿಸಿಯಾಯಿತು, ಮೂರನೆಯದಕ್ಕೆ ಮೂಗು ಹರಿಯಿತು. ಒಂದು ಲೀಟರ್ ನೀರು ಕುಡಿದೆ. ಖಾರ ಬಾಯಿಯಿಂದ ಹೊಟ್ಟೆಗೆ, ಹೊಟ್ಟೆಯಿಂದ ನೆತ್ತಿಗೆ ಪ್ರವಾಸ ಹೊರಟಿತೇ ಹೊರತು ಇಳಿಯಲಿಲ್ಲ. ಇಳಿಯುವುದೂ ಇಲ್ಲ. ಮೆಣಸಿನ ಖಾರ ಕ್ಯಾಪ್ಸೈಸಿನ್ ಎಂಬ ವಸ್ತುವಿನದು. ಅದು ನೀರಿಗೆ ಕರಗುವುದಿಲ್ಲ, ಜಿಡ್ಡಿಗೆ ಕರಗುತ್ತದೆ. ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನು ಅದನ್ನು ಹಿಡಿದು ನಾಲಿಗೆಯಿಂದ ಎಬ್ಬಿಸಿಕೊಂಡು ಹೋಗುತ್ತದೆ. ಅಂದರೆ ಗೀ ರೋಸ್ಟಿಗೆ ಮದ್ದು ಐಸ್‌ಕ್ರೀಮು.

ಕರಾವಳಿಯವರು ಇದನ್ನು ಪ್ರಯೋಗಾಲಯಕ್ಕೆ ಹೋಗದೆಯೇ ಕಂಡುಕೊಂಡಿದ್ದಾರೆ. ಮಧ್ಯಾಹ್ನ ಬಂಗುಡೆ ಪುಳಿಮುಂಚಿ, ಸಂಜೆ ಗಡ್‌ಬಡ್. ಎತ್ತರದ ಗ್ಲಾಸಿನಲ್ಲಿ ಎರಡು ಮೂರು ಬಣ್ಣದ ಐಸ್‌ಕ್ರೀಮು, ಜೆಲ್ಲಿ, ಹಣ್ಣಿನ ಹೋಳು, ಗೋಡಂಬಿ, ದ್ರಾಕ್ಷಿ ಪದರಪದರವಾಗಿ ಕೂತ ಈ ಪದಾರ್ಥವಿಲ್ಲದೆ ಉಡುಪಿ-ಮಂಗಳೂರಿನ ಪ್ರವಾಸ ಪೂರೈಸಿತು ಎಂದು ಯಾರೂ ಒಪ್ಪುವುದಿಲ್ಲ. ಮಂಗಳೂರಿನಲ್ಲಿ ‘ಐಡಿಯಲ್’ 1975ರಿಂದ ಐಸ್‌ಕ್ರೀಮು ತಿನ್ನಿಸುತ್ತಿದೆ. ಮೂಲ್ಕಿ ಕಡೆಯ ಹಣ್ಣಿನ ವ್ಯಾಪಾರಿಯ ಮಗ ರಘುನಂದನ ಕಾಮತರು 1984ರಲ್ಲಿ ಮುಂಬಯಿಯ ಜುಹುವಿನಲ್ಲಿ ‘ನ್ಯಾಚುರಲ್ಸ್’ ತೆರೆದಾಗ ಮೊದಲು ಮಾರಿದ್ದು ಖಾರದ ಪಾವ್‌ಭಾಜಿ, ಅದರ ಬೆನ್ನಿಗೆ ಐಸ್‌ಕ್ರೀಮು. ಬೆಂಕಿ ಹಚ್ಚಿ ಆಮೇಲೆ ನೀರು ಮಾರುವ ಈ ಜಾಣತನಕ್ಕೆ ಕೈಮುಗಿಯಬೇಕು.

ಆದ್ದರಿಂದ ನಾನು ಕಣ್ಣೊರೆಸಿಕೊಂಡು, ದನಿ ಎತ್ತಿ, “ಎಲ್ಲರಿಗೂ ಒಂದೊಂದು ಗಡ್‌ಬಡ್” ಎಂದೆ.

“ಮುಚ್ಚು ಬಾಯಿ,” ಎಂದಳು ಅಮ್ಮ. “ಮೀನು ತಿಂದು ಹಾಲಿನ ಪದಾರ್ಥ ತಿಂದ್ರೆ ತೊನ್ನು ಬರ್ತದೆ. ನಿಮ್ಮ ಮಾವನಿಗೆ ಏನಾಯ್ತು ಮರ್ತೆಯಾ?”

ಮಾವನ ಕೇಸು ನಮ್ಮ ವಂಶದ ಸುಪ್ರೀಂ ಕೋರ್ಟ್ ತೀರ್ಪು. ಮಾಲೂರಿನಲ್ಲಿದ್ದ ನನ್ನ ಸೋದರಮಾವನಿಗೆ, ಹಿಂದೆಂದೋ, ಪರಿಚಯದ ಲಾರಿ ಡ್ರೈವರೊಬ್ಬ ಮಂಗಳೂರಿನಿಂದ ಬಂಗುಡೆ ತಂದುಕೊಟ್ಟ. ಗೋಣಿಚೀಲದಲ್ಲಿ, ಎಂಜಿನ್ನಿನ ಪಕ್ಕದಲ್ಲಿ, ಘಟ್ಟ ಹತ್ತಿ, ಹಾಸನ ದಾಟಿ, ಬೆಂಗಳೂರಿನ ಬಿಸಿಲು ಕುಡಿದು ಬಂದ ಬಂಗುಡೆ. ಮಾವ ಸಾರು ಮಾಡಿಸಿ ಉಂಡ. ಉಂಡ ಮೇಲೆ ಒಂದು ಚೊಂಬು ಹಾಲು ಕುಡಿದ. ಸ್ವಲ್ಪ ಹೊತ್ತಿಗೆಲ್ಲ ಮುಖ ಕೆಂಪಗಾಗಿ, ಮೈಯೆಲ್ಲ ದದ್ದೆದ್ದು, ತುರಿಸಿಕೊಂಡು ತುರಿಸಿಕೊಂಡು ಬೀದಿಗೆ ಬಂದ. ಮಾರನೆಯ ದಿನ ಎಲ್ಲ ಇಳಿಯಿತು. ಪಂಚಾಯಿತಿ ಕೂತಿತು. ಕೋಲಾರ ಸೀಮೆ ಹಾಲಿನಿಂದ ಬದುಕಿದ ಸೀಮೆ, ಅಲ್ಲಿ ಹಾಲನ್ನು ಒಂಟಿಯಾಗಿ ದೂರುವ ಧೈರ್ಯ ಯಾರಿಗಿದೆ? ಮೀನು ತಂದವನು ಬೇಕಾದವನು, ಅವನನ್ನೂ ದೂರುವ ಹಾಗಿಲ್ಲ. ಕೊನೆಗೆ ಇಬ್ಬರೂ ಒಟ್ಟಿಗೆ ಸೇರಿದ್ದೇ ತಪ್ಪು ಎಂದು ತೀರ್ಪಾಯಿತು. ನಮ್ಮೂರಿನಲ್ಲಿ ಪ್ರೇಮ ಪ್ರಕರಣಗಳಿಗೂ ಇದೇ ತೀರ್ಪು.

ಮಾವನ ಮೈಮೇಲೆದ್ದದ್ದು ತೊನ್ನಲ್ಲ. ತೊನ್ನು ಬೇರೆಯೇ ಸಂಗತಿ. ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಮೇಲೆ ತಿರುಗಿಬೀಳುವುದರಿಂದ ಬರುವಂಥದ್ದು. ಅಂಟುವುದಿಲ್ಲ, ಊಟಕ್ಕೂ ಅದಕ್ಕೂ ಲೆಕ್ಕವಿಲ್ಲ. ಮಾವನಿಗೆ ಆದದ್ದಕ್ಕೆ ಅಪರಾಧಿ ಬಂಗುಡೆಯೇ, ಅಥವಾ ಅದಕ್ಕೆ ಸಿಗದೆ ಹೋದ ಐಸು. ಬಂಗುಡೆ, ಬೂತಾಯಿ, ಟ್ಯೂನಾ ಜಾತಿಯ ಮೀನುಗಳ ಮಾಂಸದಲ್ಲಿ ಹಿಸ್ಟಿಡೀನ್ ಎಂಬ ವಸ್ತು ಹೆಚ್ಚು. ಹಿಡಿದ ಮೇಲೆ ತಣ್ಣಗಿಡದಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಮಾಡಿಬಿಡುತ್ತವೆ. ಅದು ಕುದಿಸಿದರೂ ಹೋಗುವುದಿಲ್ಲ, ಹುರಿದರೂ ಹೋಗುವುದಿಲ್ಲ. ತಿಂದ ಕೆಲವೇ ನಿಮಿಷಕ್ಕೋ ಗಂಟೆಗೋ ಮುಖ ಕೆಂಪೇರುತ್ತದೆ, ತಲೆ ಸಿಡಿಯುತ್ತದೆ, ತುರಿಕೆ ಏಳುತ್ತದೆ. ಆ ಹೊತ್ತಿಗೆ ಊಟ ಮುಗಿದು ಹಾಲೋ ಐಸ್‌ಕ್ರೀಮೋ ಒಳಗೆ ಹೋಗಿರುತ್ತದೆ. ಕಡೆಗೆ ಬಂದವನ ಮೇಲೆ ಕಳ್ಳತನದ ಆರೋಪ.

ಇದನ್ನು ಟೇಬಲಿನಲ್ಲಿ ವಿವರಿಸಿದೆ. “ಡಾಕ್ಟ್ರು ಓದಿದೀಯಾ?” ಎಂದಳು ಅಮ್ಮ.

ವಿಜ್ಞಾನ ಸೋತ ಕಡೆ ಶಾಸ್ತ್ರ ಹಿಡಿಯಬೇಕು. ನಾನು ಚರಕನನ್ನು ಹಿಡಿದೆ. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತಾರನೆಯ ಅಧ್ಯಾಯದಲ್ಲಿ ಸಾಕ್ಷಾತ್ ಇದೇ ಜಗಳ ನಡೆದಿದೆ. ಮೀನನ್ನೂ ಹಾಲನ್ನೂ ಕೂಡಿಸಿ ತಿನ್ನಬಾರದು, ಎರಡೂ ಸಿಹಿಯಾದರೂ ಒಂದು ಉಷ್ಣ, ಇನ್ನೊಂದು ಶೀತ, ರಕ್ತ ಕೆಡುತ್ತದೆ, ಸ್ರೋತಸ್ಸು ಕಟ್ಟುತ್ತದೆ ಎಂದು ಆತ್ರೇಯ ಹೇಳುತ್ತಾನೆ. ಆಗ ಭದ್ರಕಾಪ್ಯನೆಂಬ ಋಷಿ ಎದ್ದು, ಚಿಲಿಚಿಮ ಎಂಬ ಒಂದು ಮೀನನ್ನು ಬಿಟ್ಟು ಮಿಕ್ಕ ಎಲ್ಲವನ್ನೂ ಹಾಲಿನ ಜೊತೆ ತಿನ್ನಬಹುದು ಎನ್ನುತ್ತಾನೆ. ಎರಡು ಸಾವಿರ ವರ್ಷದ ಹಿಂದೆ ನನ್ನ ಪರವಾಗಿ ವಕಾಲತ್ತು ಹಾಕಿದ ಆ ಪುಣ್ಯಾತ್ಮನಿಗೆ ಮನಸ್ಸಿನಲ್ಲೇ ನಮಸ್ಕರಿಸಿ, ಇಷ್ಟನ್ನು ಮಾತ್ರ ಅಮ್ಮನಿಗೆ ಹೇಳಿದೆ. ಆತ್ರೇಯ ಅದಕ್ಕೆ ‘ಇಲ್ಲ’ ಎಂದು, ಯಾವ ಮೀನೂ ಕೂಡದು, ಚಿಲಿಚಿಮವಂತೂ ಸುತರಾಂ ಕೂಡದು ಎಂದು ತೀರ್ಪು ಕೊಟ್ಟದ್ದನ್ನು ಹೇಳಲಿಲ್ಲ. ಎದುರು ಪಕ್ಷದ ವಾದ ಮಂಡಿಸುವುದು ವಕೀಲನ ಕೆಲಸವಲ್ಲ.

“ಹಂಗಾದ್ರೆ ನೀವು ತಿಂದಿದ್ದು ಆ ಮೀನಲ್ಲ ಅಂತ ಏನು ಗ್ಯಾರಂಟಿ?” ಎಂದಳು ಅಮ್ಮ. ಕಣ್ಣು ಕೆಂಪಗೆ, ಮೈಮೇಲೆ ಕೆಂಪು ಗೆರೆ, ರೋಹಿತದ ಹಾಗಿರುವ ಮೀನು ಎಂದು ಸಂಹಿತೆಯಲ್ಲಿ ಗುರುತಿದೆ. ಮಾಣಿಯನ್ನು ಕರೆದು, ಸಾಧ್ಯವಾದಷ್ಟು ಗಂಭೀರವಾಗಿ, “ನಿಮ್ಮಲ್ಲಿ ಚಿಲಿಚಿಮ ಇದೆಯಾ?” ಎಂದೆ.

“ಚಿಲ್ಲಿ ಫಿಶ್ ಇದೆ ಸರ್. ಬೋನ್‌ಲೆಸ್.”

ಅತ್ತೆಗೆ ಈ ವಿಚಾರಣೆಯೆಲ್ಲ ವಿಚಿತ್ರವಾಗಿ ಕಂಡಿತು. ಹುಟ್ಟಿದಾಗಿನಿಂದ ಮೀನು ತಿಂದವರು, ಐಸ್‌ಕ್ರೀಮು ಬಂದಾಗಿನಿಂದ ಐಸ್‌ಕ್ರೀಮು ತಿಂದವರು ಅವರು. ಸೆರಗಿನಿಂದ ಮೊಣಕೈ ತೆಗೆದು, “ನೋಡಿ ಬೀಗ್ತಿ, ಎಲ್ಲಾದ್ರೂ ಕಲೆ ಇತ್ತಾ?” ಎಂದು ಅಮ್ಮನ ಮುಂದೆ ಚಾಚಿದರು. ಅಮ್ಮ ಕನ್ನಡಕ ಹಾಕಿಕೊಂಡು ಆ ಕೈಯನ್ನು ನಾನು ಅಂಜಲನ್ನು ನೋಡಿದ್ದಕ್ಕಿಂತ ಚೆನ್ನಾಗಿ ಪರೀಕ್ಷಿಸಿದಳು. “ನಿಮಗೆ ಅಭ್ಯಾಸ ಆಗೋಗಿದೆ,” ಎಂದಳು. ಈ ವಾದಕ್ಕೆ ಚರಕನ ಬಳಿಯೂ ಉತ್ತರವಿಲ್ಲ.

ಮಗಳು ಫೋನು ತಿರುವಿ, ಅಮೆರಿಕದ ಬಾಸ್ಟನ್ನಿನಲ್ಲಿ ಮರುವಾಯಿಯನ್ನು ಹಾಲು-ಕೆನೆಯಲ್ಲೇ ಬೇಯಿಸಿ ಸೂಪ್ ಮಾಡುತ್ತಾರೆ, ಬಂಗಾಳಿಗಳು ಮೊಸರಲ್ಲೇ ಮೀನು ಬೇಯಿಸುತ್ತಾರೆ ಎಂದಳು. ನನ್ನವಳು ಅವಳ ಪಕ್ಷದಲ್ಲಿರಬೇಕಾಗಿತ್ತು. ಆದರೆ ಯಹೂದಿಗಳಲ್ಲೂ ಕೆಲವರು ಮೀನು-ಹಾಲು ಬೆರೆಸುವುದಿಲ್ಲ ಎಂದು ಎಲ್ಲೋ ಓದಿದ್ದನ್ನು ಆ ಹೊತ್ತಿನಲ್ಲೇ ನೆನಪಿಸಿಕೊಂಡಳು. ಅತ್ತೆಯನ್ನೂ ಸೊಸೆಯನ್ನೂ ಒಂದುಗೂಡಿಸುವುದು ನನ್ನನ್ನು ಸೋಲಿಸುವ ಸಂದರ್ಭ ಒಂದೇ.

ನಾನು ರಾಜಿ ಸೂತ್ರ ಹುಡುಕಿದೆ. ಎಳನೀರು ಐಸ್‌ಕ್ರೀಮ್ ಎಂದಿತ್ತು. ಎಳನೀರಿಗೂ ಮೀನಿಗೂ ಯಾವ ಋಷಿಯೂ ಜಗಳ ಹಚ್ಚಿಲ್ಲವಲ್ಲ! “ಅದ್ರಲ್ಲೂ ಹಾಲಿದೆ ಸರ್,” ಎಂದ ಮಾಣಿ. ಆಮೇಲೆ ಮೆನುವಿನ ಕೊನೆಯ ಪುಟದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣಕ್ಷರದಲ್ಲಿ ‘ಫ್ರೋಜನ್ ಡೆಸರ್ಟ್’ ಎಂದಿದ್ದದ್ದು ಸಿಕ್ಕಿತು. ಕೊಲಂಬಸ್ಸಿಗೂ ಅಷ್ಟು ಸಂತೋಷವಾಗಿರಲಿಕ್ಕಿಲ್ಲ. ನಮ್ಮ ದೇಶದ ಆಹಾರ ನಿಯಮದಲ್ಲಿ ಬರಿದೇ ಐಸ್‌ಕ್ರೀಮ್ ಎಂದು ಕರೆಸಿಕೊಳ್ಳಲು ನೂರಕ್ಕೆ ಹತ್ತು ಭಾಗವಾದರೂ ಹಾಲಿನ ಕೊಬ್ಬಿರಬೇಕು. ಆ ಜಾಗದಲ್ಲಿ ತಾಳೆಯಂಥ ಸಸ್ಯದ ಎಣ್ಣೆ ಹಾಕಿ ಮಾಡಿದ್ದು ಫ್ರೋಜನ್ ಡೆಸರ್ಟು. “ಅಮ್ಮಾ, ಇದರಲ್ಲಿರೋದು ಬೆಣ್ಣೆ ಅಲ್ಲ, ಎಣ್ಣೆ. ಮೀನು ಹುರಿದದ್ದೂ ಎಣ್ಣೇಲೇ. ಒಂದೇ ಜಾತಿ!” ಎಂದೆ. ಕೆನೆ ತೆಗೆದ ಹಾಲಿನ ಪುಡಿ ಅದರಲ್ಲೂ ಇರುತ್ತದೆಂಬುದನ್ನು ಮತ್ತೆ ವಕೀಲನ ವಿವೇಕದಿಂದ ನುಂಗಿಕೊಂಡೆ.

ಅಮ್ಮ ಸ್ವಲ್ಪ ಯೋಚಿಸಿದಳು. “ದುಡ್ಡು ಕೊಟ್ಟು ಎಣ್ಣೆ ತಿನ್ನೋಕೆ ಇಂದಿರಾನಗರಕ್ಕೆ ಬರ್ಬೇಕಾಗಿತ್ತಾ?” ಎಂದಳು. ಅಲ್ಲಿಗೆ ಆ ದಾರಿಯೂ ಮುಚ್ಚಿತು.

ಕೊನೆಗೆ ಅತ್ತೆ ಯಾರ ಅಪ್ಪಣೆಗೂ ಕಾಯದೆ ತಮಗೊಂದು ಹೇಳಿದರು. ಮಗಳು, ಸ್ವಲ್ಪ ನಡೆದರೆ ಸಿಗುವ ಕಾರ್ನರ್ ಹೌಸಿಗೆ ಹೋಗುತ್ತೇನೆ, ನನ್ನದನ್ನು ಅಲ್ಲೇ ತಿನ್ನುತ್ತೇನೆ ಎಂದಳು. 1982ರಲ್ಲಿ ಹುಟ್ಟಿದ ಆ ಅಂಗಡಿಯ ಪ್ರಖ್ಯಾತ ಐಸ್‌ಕ್ರೀಮಿನ ಹೆಸರು ‘ಡೆತ್ ಬೈ ಚಾಕೊಲೇಟ್’. ಅದನ್ನು ಅವಳು ಅಜ್ಜಿಗೆ ಕನ್ನಡದಲ್ಲಿ ಹೇಳದೆ ಹೋದದ್ದು ಆ ದಿನದ ಏಕೈಕ ಪುಣ್ಯ. ನಾನೂ ನನ್ನವಳೂ, ಒಬ್ಬರು ಹೆದರಿಕೆಯಿಂದ, ಇನ್ನೊಬ್ಬರು ಗೆದ್ದ ಹೆಮ್ಮೆಯಿಂದ, ಸೋಂಪು ಜಗಿಯುತ್ತ ಕೂತೆವು. ನನ್ನ ನಾಲಿಗೆ ಇನ್ನೂ ಉರಿಯುತ್ತಿತ್ತು.

ಆಗ ಮಾಣಿ ಎರಡು ಗಡ್‌ಬಡ್ ತಂದ. ಒಂದನ್ನು ಅತ್ತೆಯ ಮುಂದಿಟ್ಟ. ಇನ್ನೊಂದನ್ನು ಅಮ್ಮನ ಮುಂದಿಟ್ಟ.

“ನಾನು ಮೀನು ತಿಂದಿಲ್ವಲ್ಲ,” ಎಂದಳು ಅಮ್ಮ, ಉದ್ದನೆಯ ಚಮಚ ಕೈಗೆತ್ತಿಕೊಂಡು.

ಆ ಕೋಳಿ ಸುಕ್ಕದ ನಿಸ್ಪೃಹತೆ ಆಗ ನನಗೆ ಬಿಡಿಸಿ ಅರ್ಥವಾಯಿತು. ಮುಳ್ಳಿಲ್ಲದ ವಿಷಯವಾದ್ದರಿಂದ ಬೇಗ ಬಿಡಿಸಲು ಬಂತು. ಮೆನು ನೋಡುವ ಮೊದಲೇ ಕೊನೆಯ ಪುಟ ನೋಡಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬಂದಿದ್ದಳು. ನನ್ನವಳು ಮೆಲ್ಲಗೆ, “ಅತ್ತೆ, ನಿಮಗೆ ಶುಗರ್ ಇದೆ” ಎಂದಳು. ಅಮ್ಮ ಚೆರ್ರಿ ಹಣ್ಣನ್ನು ಬಾಯಿಗೆ ಹಾಕಿಕೊಂಡು ನನ್ನ ಕಡೆ ತಿರುಗಿ, “ಶುಗರ್ ಬಗ್ಗೆ ನಿನ್ನ ಚರಕ ಏನಾದ್ರೂ ಹೇಳವ್ನಾ?” ಎಂದು ಕೇಳಿದಳು. ಹೇಳಿದ್ದಾನೆ. ಪ್ರಮೇಹಕ್ಕೆ ಅಧ್ಯಾಯಗಳನ್ನೇ ಬರೆದಿಟ್ಟಿದ್ದಾನೆ. ಜೆಲ್ಲಿಯ ಪದರದ ತನಕ ಇಳಿದಿದ್ದ ಆ ಮುಖ ನೋಡಿ, “ಇಲ್ಲಮ್ಮ” ಎಂದೆ. ಪುಣ್ಯಕ್ಕೆ ಪಾಪವೂ ಇರಲಿ.

ಎರಡೂ ಗ್ಲಾಸುಗಳು ಖಾಲಿಯಾಗುವ ಹೊತ್ತಿಗೆ ಬೀಗಿತ್ತಿಯರ ನಡುವೆ ಕಡಲಿಗೂ ಕೆರೆಗೂ ಇದ್ದ ಅಂತರ ಮಾಯವಾಗಿತ್ತು. ಪದರ ಕಲಸಿ ತಿನ್ನಬೇಕೋ, ಮೇಲಿನಿಂದ ಒಂದೊಂದಾಗಿ ತಿನ್ನಬೇಕೋ ಎಂಬ ಬಗ್ಗೆ ಇಬ್ಬರೂ ಸೂಕ್ಷ್ಮವಾಗಿ ಚರ್ಚಿಸುತ್ತಿದ್ದರು. ಬಿಲ್ಲು ಬಂತು. ಎಪಿಎಸ್ ಎಂದಿದ್ದ ಸಾಲುಗಳ ಎದುರು ಈಗ ಅಂಕಿಗಳಿದ್ದವು. ಏಡಿಯ ಎದುರಿನ ಅಂಕಿ ನೋಡಿದಾಗ, ಪಕ್ಕದ ಟೇಬಲಿಗೆ ಹಾರಿದ ಆ ಒಂದು ಕೊಂಬಿನ ಬಾಬ್ತನ್ನಾದರೂ ಆ ಯುವಕನ ಜೊತೆ ಹಂಚಿಕೊಳ್ಳಬಹುದಿತ್ತು ಅನ್ನಿಸಿತು. ಅವನು ಜಾಣ, ಎದ್ದುಹೋಗಿದ್ದ.

ರಾತ್ರಿ ನನಗೆ ಹೊಟ್ಟೆ ಉರಿ. ಅಮ್ಮ ತಣ್ಣನೆ ಹಾಲು ತಂದುಕೊಟ್ಟಳು. ಮೀನು ತಿಂದಿದ್ದೇನಲ್ಲ ಎಂದರೆ, “ಅದು ಮಧ್ಯಾಹ್ನದ ಮಾತು, ಈಗ ಕತ್ತಲಾಯ್ತು, ಕುಡಿ” ಎಂದಳು. ಸೂರ್ಯಾಸ್ತದ ಈ ವಿನಾಯಿತಿ ಆತ್ರೇಯನಿಗೂ ಹೊಳೆದಿರಲಿಲ್ಲ.

ಮೀನೂಟಕ್ಕೆ ನಮ್ಮ ಮನೆಗೆ ಬರಬೇಕೆಂದಿರುವ ಗೆಳೆಯರಿಗೊಂದು ಮಾತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ, ಮೀನು ಮೊಟ್ಟೆಯಿಡುವ ಕಾಲ. ಪೂರ್ವ ಕರಾವಳಿಯಲ್ಲಿ ನಿಷೇಧ ಜೂನ್ 14ಕ್ಕೇ ಮುಗಿಯುವುದರಿಂದ ಆಮೇಲೆ ಚೆನ್ನೈ, ವಿಶಾಖಪಟ್ಟಣದ ಕಡೆಯ ಮೀನು ಶಿವಾಜಿನಗರಕ್ಕೆ ಬರುತ್ತದೆ. ಆದರೆ “ಆ ಕಡಲಿನ್ ಮೀನಿಗೆ ರುಚಿ ಇಲ್ಲೆ” ಎಂದು ಅತ್ತೆ ಫೋನಿನಲ್ಲೇ ಅದನ್ನು ತಿರಸ್ಕರಿಸಿದ್ದಾರೆ. ಆ ಎರಡು ತಿಂಗಳು ನಮ್ಮ ಮನೆಯಲ್ಲಿ ಐಸ್‌ಕ್ರೀಮಿಗೆ ಯಾವ ಋಷಿಯ ಅಡ್ಡಿಯೂ ಇಲ್ಲ. ಆಗ ಬನ್ನಿ. ಐಸ್‌ಕ್ರೀಮು ನೀವೇ ತನ್ನಿ, ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿ ತನ್ನಿ. ಅಮ್ಮ ಎಣ್ಣೆ ಮುಟ್ಟುವುದಿಲ್ಲ.